ಇಂಚು, ಸೆಂಟು ಮತ್ತು ಗುರುವಾರದ ಕರೆ

ಕೊಡಗಿನಲ್ಲಿ ಹುಟ್ಟಿ ಬೆಳೆದವನು ಮಳೆಗೆ ಹೆದರುತ್ತೇನೆ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು? ನಾನು ಆರು ವರ್ಷ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಗೊತ್ತಿತ್ತು. ಆದರೆ ನಾನು ಹೇಳಿ ಗೊತ್ತಾಗಿದ್ದಲ್ಲ.

ನಮ್ಮ ತೋಟ ಮಾದಾಪುರದಿಂದ ಸ್ವಲ್ಪ ಒಳಗೆ. ಆರೂವರೆ ಎಕರೆ. ಹೆಚ್ಚಿನದು ರೊಬಸ್ಟಾ, ಮೇಲ್ಗಡೆ ಸ್ವಲ್ಪ ಅರೇಬಿಕಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಮನೆ ಇಳಿಜಾರಿನಲ್ಲಿದೆ. ಹಿತ್ತಲ ಬಾಗಿಲು ತೆಗೆದರೆ ಹತ್ತು ಹೆಜ್ಜೆಗೆ ಬರೆ. ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ಉಳಿಯುವ ಮಣ್ಣಿನ ಗೋಡೆಗೆ ನಾವು ಬರೆ ಅನ್ನುತ್ತೇವೆ. ಅಪ್ಪ ಕಟ್ಟಿಸಿದ ಮನೆ. ಅಪ್ಪ ಬಿಟ್ಟು ಹೋದ ಇನ್ನೊಂದು ಆಸ್ತಿ ಮಳೆ ಪುಸ್ತಕ.

ಮಳೆ ಪುಸ್ತಕ ಅಂದರೆ ಒಂದು ಉದ್ದನೆಯ ಲೆಡ್ಜರ್, ಅಷ್ಟೇ. ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇರುತ್ತದೆ. ದಿನಾ ಬೆಳಿಗ್ಗೆ ಅದರ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡಿ ಬರೆಯುವುದು. ಸರ್ಕಾರ ಮಿಲಿಮೀಟರಿಗೆ ಹೋದರೂ ನಾವು ಕಾಫಿಯವರು ಇಂಚು, ಸೆಂಟು ಬಿಟ್ಟಿಲ್ಲ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್‌ನಲ್ಲಿ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಒಂದು ಇಂಚು ಬಿದ್ದರೆ ಮನೆಯಲ್ಲಿ ಹಬ್ಬ. 30 ಸೆಂಟಿಗೆ ನಿಂತರೆ ತಲೆ ಮೇಲೆ ಕೈ. ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಊಟ ಆಯ್ತಾ ಅಂತ ಕೇಳುವ ಮೊದಲು 'ನಿಮ್ಮಲ್ಲಿ ಎಷ್ಟು ಬಿತ್ತು' ಅಂತ ಕೇಳುತ್ತಾರೆ. ನಮ್ಮ ಪುಸ್ತಕ 1983ರಿಂದ ಇದೆ. ಅಪ್ಪ ಹೋದ ಮೇಲೆ ನಾನು ಬರೆಯುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು.

2018ರ ಆಗಸ್ಟ್ ಬಗ್ಗೆ ಕೊಡಗಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಆಗಸ್ಟ್ 16, ಗುರುವಾರ. ದೇಶವೆಲ್ಲ ಟಿವಿ ಮುಂದೆ ಕೂತು ವಾಜಪೇಯಿ ತೀರಿಕೊಂಡ ಸುದ್ದಿ ನೋಡುತ್ತಿತ್ತಂತೆ. ನಮ್ಮಲ್ಲಿ ಕರೆಂಟ್ ಹೋಗಿ ನಾಲ್ಕು ದಿನ ಆಗಿತ್ತು. ಆ ರಾತ್ರಿ, ಮಾರನೇ ದಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆಯೆಲ್ಲ ಗುಡ್ಡಗಳು ಜಾರಿದವು. ಮಡಿಕೇರಿ–ಸೋಮವಾರಪೇಟೆ ರಸ್ತೆ ಎಷ್ಟೋ ಕಡೆ ಇಲ್ಲವೇ ಇಲ್ಲ ಅನ್ನುವ ಹಾಗಾಯಿತು. ನಮ್ಮ ತೋಟದ ಅರ್ಧ ಎಕರೆ ಗಿಡ, ಮರ, ಮೆಣಸು ಸಮೇತ ತೋಡಿಗೆ ಹೋಯಿತು. ಮನೆ ನಿಂತಿತು. ಕೆಳಗಿನ ಮನೆ ನಿಲ್ಲಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷ ಮೇ ಕೊನೆಗೆ ನನಗೆ ಶುರುವಾಗುತ್ತಿತ್ತು. ಎದೆ ಬಿಗಿಯುವುದು. ತಗಡಿನ ಮೇಲೆ ನಾಲ್ಕು ಹನಿ ಬಿದ್ದರೆ ಎದ್ದು ಕೂರುವುದು. ರಾತ್ರಿ ಟಾರ್ಚ್ ಹಿಡಿದು ಬರೆ ನೋಡಿ ಬರುವುದು, ಮಲಗುವುದು, ಮತ್ತೆ ಎದ್ದು ನೋಡುವುದು. ಒಂದು ರಾತ್ರಿಗೆ ಏಳೆಂಟು ಸಲ. ನಿದ್ದೆ ಬರಲಿ ಅಂತ ಎರಡು ಪೆಗ್. ಆಮೇಲೆ ನಾಲ್ಕು. 2019ರಲ್ಲಿ ತೋರ ಅನ್ನುವ ಊರಿನಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದ ಮೇಲೆ ನನ್ನ ಹೆದರಿಕೆಗೆ ಒಳ್ಳೇ ಕಾರಣವೂ ಸಿಕ್ಕಿತು. ಕಾರಣ ಇರುವ ಹೆದರಿಕೆಯನ್ನು ಕಾಯಿಲೆ ಅಂತ ಯಾರು ಒಪ್ಪುತ್ತಾರೆ? ನಾನಂತೂ ಒಪ್ಪಲಿಲ್ಲ.

ಒಪ್ಪಿಸಿದ್ದು ಮಗಳು. ಮೈಸೂರಿನಲ್ಲಿ ಡಿಗ್ರಿ ಓದುತ್ತಾಳೆ. 2024ರ ಮೇ ರಜೆಗೆ ಬಂದವಳು ಒಂದು ಬೆಳಿಗ್ಗೆ ಕಾಫಿ ಲೋಟ ತಂದು ಕೊಟ್ಟು, 'ಅಪ್ಪಾ, ರಾತ್ರಿ ನೀನು ಆರು ಸಲ ಹೊರಗೆ ಹೋದೆ. ನಾನು ಎಣಿಸಿದೆ' ಅಂದಳು. ಅವಳೂ ಎದ್ದಿದ್ದಳು ಅಂತ ಆಯ್ತಲ್ಲ. ನನಗೆ ನಾಚಿಕೆಯಾಯಿತು.

ಮೊದಲ ಪ್ರಯತ್ನ ಕೆಟ್ಟಿತು. ಫೋನಿನ ಒಂದು ಆಪ್‌ನಲ್ಲಿ ದುಡ್ಡು ಕಟ್ಟಿದೆ. ಸಿಕ್ಕಿದವರು ಒಳ್ಳೆಯವರೇ, ಆದರೆ ಅರ್ಧ ಇಂಗ್ಲಿಷು. ಇಪ್ಪತ್ತು ನಿಮಿಷಕ್ಕೆ ನನ್ನ ಕಥೆ ಮುಗಿಸಿ, ಒಳ್ಳೆಯದನ್ನೇ ಯೋಚಿಸಿ ಸರ್, ಆಗಿದ್ದನ್ನು ಮರೆತುಬಿಡಿ ಅಂದರು. ಮಲಗುವ ಮುಂಚೆ ಕೇಳಿ ಅಂತ ಮನಸ್ಸು ಹಗುರ ಮಾಡುವ ಒಂದು ಆಡಿಯೋ ಕಳಿಸಿದರು. ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿ ಹಚ್ಚಿದೆ. ಎಲೆಗಳ ಮೇಲೆ ಮಳೆ ಬೀಳುವ ಸದ್ದು! ಹೆಂಡತಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಜೂನ್ ಹತ್ತಿರ ಬಂದಾಗ ನಾನು ನಕ್ಕಿದ್ದು ಎಷ್ಟೋ ವರ್ಷದ ಮೇಲೆ. ಆ ಲೆಕ್ಕದಲ್ಲಿ ದುಡ್ಡು ಪೂರ್ತಿ ದಂಡ ಆಗಲಿಲ್ಲ ಅನ್ನಿ.

ಎರಡನೇ ಸಲ ಮಗಳೇ ವಿಚಾರಿಸಿ ಮೈಸೂರಿನ ಒಬ್ಬ ಆಪ್ತಸಮಾಲೋಚಕಿಯ ನಂಬರ್ ಕೊಟ್ಟಳು. ಮೇಡಂ ಅಂತಲೇ ಕರೆಯುತ್ತೇನೆ. ವಾರಕ್ಕೊಂದು ಸಲ, ಗುರುವಾರ ನಾಲ್ಕು ಗಂಟೆಗೆ, 50 ನಿಮಿಷದ ವಿಡಿಯೋ ಕರೆ. ಸಲಕ್ಕೆ 900 ರೂಪಾಯಿ. ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಹಾಳು, ಮಳೆಗಾಲದಲ್ಲಂತೂ ರಸ್ತೆಯ ಭರವಸೆ ಇಲ್ಲ. ಇನ್ನೂ ಒಂದು ಸಂಗತಿ ಇದೆ. ನಮ್ಮ ಪೇಟೆಯಲ್ಲಿ ಯಾರ ಜೀಪು ಯಾವ ಕ್ಲಿನಿಕ್ ಮುಂದೆ ನಿಂತಿತ್ತು ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಆದರೆ ಮನೆಯಲ್ಲಿ ಕೂತು ಮಾತಾಡಿದರೆ ಅವ್ವನಿಗೆ ಕೇಳಿಸುತ್ತದೆ. ಎಪ್ಪತ್ತಾರು ವರ್ಷ, ಕಿವಿ ಮಾತ್ರ ಚುರುಕು. ಅದಕ್ಕೆ ಕಣದ ತುದಿಯಲ್ಲಿ, ಟವರ್ ಸಿಗ್ನಲ್ ಎರಡು ಕಡ್ಡಿ ಬರುವ ಜಾಗದಲ್ಲಿ ಜೀಪು ನಿಲ್ಲಿಸಿ ಅದರೊಳಗೆ ಕೂತೆ. ಕಾಫಿ ಬೋರ್ಡಿನವರ ಮೀಟಿಂಗ್ ಅಂತ ಅವ್ವನಿಗೆ ಹೇಳಿದ್ದೆ.

ಮೊದಲ ದಿನ ಜೂನ್ 13. ಮೇಡಂ ಶುರು ಮಾಡಿದ್ದು ನನ್ನ ಕಥೆಯಿಂದ ಅಲ್ಲ. ತಾನು ಏನು ಓದಿದ್ದೇನೆ, ಏನು ಮಾಡಬಲ್ಲೆ, ಏನು ಮಾಡಲಾರೆ ಅಂತ ಹೇಳಿದರು. ತಾನು ಮನೋವೈದ್ಯೆ ಅಲ್ಲ, ಮಾತ್ರೆ ಬರೆದುಕೊಡಲು ಆಗುವುದಿಲ್ಲ ಅಂದರು. ನೀವು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ, ಆದರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ ಮಾತ್ರ ಸುಮ್ಮನಿರುವುದಿಲ್ಲ ಅಂತಲೂ ಹೇಳಿದರು. ಈಗ ಎಲ್ಲಿ ಕೂತಿದ್ದೀರಿ? ಪಕ್ಕದಲ್ಲಿ ಯಾರಾದರೂ ಇದ್ದಾರಾ? ಅವಸರಕ್ಕೆ ಯಾರಿಗೆ ಫೋನ್ ಮಾಡಲಿ? ಹೆಂಡತಿಯ ನಂಬರ್ ಕೊಟ್ಟೆ. ಲೈನ್ ಕಡಿದರೆ ಏನು ಮಾಡುವುದು ಅಂತ ಇಬ್ಬರೂ ಸೇರಿ ತೀರ್ಮಾನಿಸಿದೆವು. ವಿಡಿಯೋ ಹೋದರೆ ಬರೀ ಮಾತು, ಮಾತೂ ಹೋದರೆ ಮೆಸೇಜ್, ಅದೂ ಇಲ್ಲದಿದ್ದರೆ ಹತ್ತು ನಿಮಿಷ ಕಾದು ಮಾರನೇ ದಿನಕ್ಕೆ. ನಮ್ಮಲ್ಲಿ ಕರೆಂಟ್ ಹೋದ ಕೆಲವು ಗಂಟೆಗೆ ಟವರ್ ಕೂಡ ಮಲಗುತ್ತದೆ ಅಂತ ಅವರಿಗೆ ಹೇಳಿಕೊಟ್ಟವನು ನಾನು. ಅವರು ಅದನ್ನು ಬರೆದುಕೊಂಡರು.

ಆಮೇಲೆ ನೇರವಾಗಿ ಎರಡು ಪ್ರಶ್ನೆ. ಕುಡಿಯುತ್ತೀರಾ, ಎಷ್ಟು? ಸಾಯಬೇಕು ಅನ್ನುವ ಯೋಚನೆ ಬಂದಿದೆಯಾ? ಅಂಥ ಯೋಚನೆ ಇಲ್ಲ, ಸಾಕಾಗಿದೆ ಅನ್ನಿಸುತ್ತದೆ ಅಂದೆ. 'ಮನೆಯಲ್ಲಿ ಕೋವಿ ಇದೆಯಾ?' ಅಂದರು. ಕೊಡಗಿನವನ ಹತ್ತಿರ ಮಾತಾಡುತ್ತಿದ್ದೇನೆ ಅಂತ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ. ಇದೆ, ಬೆಳೆ ರಕ್ಷಣೆಗೆ. ಬೀಗದ ಕೈ ಈ ಮಳೆಗಾಲ ಮುಗಿಯುವವರೆಗೆ ಹೆಂಡತಿಯ ಹತ್ತಿರ ಇರಲಿ ಅಂದರು. ಹೂಂ ಅಂದೆ.

ಇಷ್ಟು ಹೊತ್ತಿಗೆ ಮಳೆ ಬಂತು. ಜೀಪಿನ ಟಾಪಿನ ಮೇಲೆ ಜೋರಾಗಿ. ನನ್ನ ಮಾತು ನಿಂತಿತು. ಸ್ಟೇರಿಂಗ್ ಹಿಡಿದುಕೊಂಡಿದ್ದೆ. ಮೇಡಂ ಒಂದು ಕ್ಷಣ ಸುಮ್ಮನಿದ್ದು, 'ನನಗೂ ಕೇಳಿಸ್ತಾ ಇದೆ' ಅಂದರು. ಅಷ್ಟೇ. ಏನೂ ಆಗಲ್ಲ ಅನ್ನಲಿಲ್ಲ. ಉಸಿರು ಎಳೆದುಕೊಳ್ಳಿ ಅನ್ನಲಿಲ್ಲ. ಮೈಸೂರಿನ ಯಾವುದೋ ರೂಮಿನಲ್ಲಿ ಎದುರು ಬದುರು ಕೂತಿದ್ದರೆ ನನ್ನ ಮಳೆ ಅವರಿಗೆ ಕೇಳಿಸುತ್ತಿತ್ತಾ? ಆನ್‌ಲೈನ್ ಅಂದರೆ ಬಡವರ ಚಿಕಿತ್ಸೆ, ರಸ್ತೆ ಇಲ್ಲದವರ ಚಿಕಿತ್ಸೆ ಅಂತ ನಾನು ಅಂದುಕೊಂಡಿದ್ದು ಆವತ್ತೇ ಸ್ವಲ್ಪ ಅಲುಗಾಡಿತು.

ಎರಡನೇ ವಾರ ಪ್ರಶ್ನೆಗಳ ಎರಡು ಹಾಳೆ ತುಂಬಿಸಿದೆವು. ಕಳೆದ ಎರಡು ವಾರದಲ್ಲಿ ಇದಿದು ಎಷ್ಟು ದಿನ ಕಾಡಿತು ಅಂತ. ದುಗುಡದ್ದು 9 ಪ್ರಶ್ನೆ, ಒಟ್ಟು 27 ಅಂಕ. ಆತಂಕದ್ದು 7 ಪ್ರಶ್ನೆ, 21 ಅಂಕ. ನನಗೆ ಮೊದಲನೆಯದರಲ್ಲಿ 12, ಎರಡನೆಯದರಲ್ಲಿ 17. ಪರೀಕ್ಷೆಯಲ್ಲಿ ಇಷ್ಟು ಒಳ್ಳೇ ಅಂಕ ನಾನು ಯಾವತ್ತೂ ತೆಗೆದವನಲ್ಲ! ಇದರಿಂದ ಕಾಯಿಲೆ ತೀರ್ಮಾನ ಮಾಡುವುದಿಲ್ಲ, ಹೋಗುತ್ತಾ ಹೋಗುತ್ತಾ ಏರುತ್ತದಾ ಇಳಿಯುತ್ತದಾ ನೋಡೋಣ ಅಂದರು. ಒಮ್ಮೆ ಮನೋವೈದ್ಯರನ್ನೂ ನೋಡಿ ಬನ್ನಿ ಅಂತ ಕಳಿಸಿದರು. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹೋದೆ. ಬಿಪಿ, ಥೈರಾಯ್ಡ್ ನೋಡಿದರು. ಒಂದು ಸಣ್ಣ ಮಾತ್ರೆ ಕೊಟ್ಟು, ಅದರ ಜೊತೆ ಕುಡಿಯಬಾರದು ಅಂತ ಗದರಿದರು. ಕುಡಿತ ಕಡಿಮೆಯಾದದ್ದು ಹಾಗೆ. ಪೂರ್ತಿ ಬಿಟ್ಟೆ ಅಂತ ಹೇಳುವುದಿಲ್ಲ.

ಈಗ ಮುಖ್ಯ ವಿಷಯ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಇಪ್ಪತ್ತು ನಿಮಿಷ ನೋಡಿ ಎದ್ದು ಬೇರೆ ರೂಮಿಗೆ ಹೋಗಿ ಅಂದರು ಮೇಡಂ. ನನಗೆ ಸಿಟ್ಟು ಬಂತು. 'ಮೇಡಂ, ಎದ್ದರೆ ನನ್ನ ಕಾಲು ಹಿತ್ತಲಿಗೇ ಹೋಗೋದು. ಅದೇ ತಾನೇ ನನ್ನ ರೋಗ' ಅಂದೆ. ಸ್ವಲ್ಪ ಹೊತ್ತು ಯೋಚಿಸಿದರು. 'ಹಾಗಾದ್ರೆ ನನ್ನ ಸಲಹೆ ನಿಮ್ಮ ಮನೆಗೆ ಹೊಂದಲ್ಲ. ಹೊಂದೋ ಹಾಗೆ ಮಾಡೋಣ. ರಾತ್ರಿ ಎರಡು ಗಂಟೆಗೆ ಬೆಚ್ಚಗಿರೋ ಜಾಗ ಯಾವುದಿದೆ?' ಅಂತ ಕೇಳಿದರು. ಒಲೆ ಪಕ್ಕ ಅಂದೆ. ಅಲ್ಲಿ ಕೂತು ಏನು ಮಾಡಬಹುದು? ಮೆಣಸು ಆರಿಸಬಹುದು ಅಂದೆ. ಅವರಿಗೆ ಮೆಣಸು ಆರಿಸುವುದು ಅಂದರೇನು ಅಂತ ಗೊತ್ತಿರಲಿಲ್ಲ. ಹೇಳಿಕೊಟ್ಟೆ. ಮೊರ, ಒಂದು ಸೇರು ಕಾಳು, ಜೊಳ್ಳು ಬೇರೆ ಗಟ್ಟಿ ಬೇರೆ. ಅದೇ ನನ್ನ ಮದ್ದಾಯಿತು. ಡಾಕ್ಟರು ಹೇಳಿದ್ದಕ್ಕೆ ಎದುರು ಮಾತಾಡಿ ಬೈಸಿಕೊಂಡು ಅಭ್ಯಾಸ ಇದ್ದವನಿಗೆ ಇದು ವಿಚಿತ್ರವಾಗಿ ಕಂಡಿತು.

ಬರೆ ವಿಷಯದಲ್ಲೂ ಹೀಗೇ. 'ಗುಡ್ಡದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಿಮಗೆ ಗೊತ್ತು. ಕುಸಿಯಲ್ಲ ಅಂತ ಹೇಳೋ ಅಧಿಕಾರ ನನಗಿಲ್ಲ. ಕುಸಿಯೋ ಮುಂಚೆ ಏನೇನು ಕಾಣುತ್ತೆ, ನೀವೇ ಹೇಳಿ' ಅಂದರು. ನಾನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ನೆಲದಲ್ಲಿ ಹೊಸ ಬಿರುಕು. ಇಲ್ಲದ ಕಡೆ ನೀರು ಚಿಮ್ಮುವುದು. ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗುವುದು ಅಥವಾ ನಿಲ್ಲುವುದು. ಮರ ವಾಲುವುದು. ಬಾಗಿಲು ಕಿಟಕಿ ಹಾಕಲು ಬಾರದೆ ಬಿಗಿಯುವುದು. ನೆಲದೊಳಗಿನಿಂದ ಗುಡುಗುಡು ಸದ್ದು. ಇದನ್ನು ಹಿತ್ತಲ ಬಾಗಿಲಿಗೆ ಅಂಟಿಸಿದೆ. ರಾತ್ರಿ ಒಂಬತ್ತಕ್ಕೆ ಒಂದು ಸಲ, ಬೆಳಿಗ್ಗೆ ಐದಕ್ಕೆ ಒಂದು ಸಲ ನೋಡುವುದು. ಇದರಲ್ಲಿ ಒಂದೇ ಒಂದು ಕಂಡರೂ ಯೋಚನೆ ಮಾಡದೆ ಎಲ್ಲರೂ ಕುಶಾಲನಗರದ ಚಿಕ್ಕಮ್ಮನ ಮನೆಗೆ. ಬ್ಯಾಗ್ ಬಾಗಿಲ ಹಿಂದೆ ರೆಡಿ. ಏನೂ ಕಾಣದಿದ್ದರೆ ಮಧ್ಯರಾತ್ರಿ ಹೊರಗೆ ಹೋಗುವ ಹಾಗಿಲ್ಲ. ಮೊದಲ ವಾರ ಸೋತೆ, ನಾಲ್ಕು ಸಲ ಹೋದೆ. ಮುಂದಿನ ವಾರ ಎರಡು.

ಮಳೆ ಪುಸ್ತಕದ ಮಾತು ಬಂದಿದ್ದು ಜುಲೈ ಮೊದಲ ವಾರ. ಭಯ ಎಷ್ಟಿದೆ ಅಂತ ದಿನಾ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ ಬರೆದಿಡಿ ಅಂದರು ಮೇಡಂ. ಹೇಗೂ ದಿನಾ ಬೆಳಿಗ್ಗೆ ಮಳೆ ಬರೆಯುತ್ತೇನೆ, ಅದರ ಪಕ್ಕದಲ್ಲೇ ಹಾಕುತ್ತೇನೆ ಅಂದೆ. ಅದೇನು ಪುಸ್ತಕ ಅಂತ ಕೇಳಿದರು. ಕ್ಯಾಮೆರಾ ಮುಂದೆ ಹಿಡಿದು ತೋರಿಸಿದೆ. ಅಪ್ಪನ ಅಕ್ಷರ, ಹಳೇ ಶಾಯಿ. ಅವರ ಮುಖ ಅರಳಿತು. 'ಇಂಥ ದಾಖಲೆ ಇಟ್ಟುಕೊಂಡು ನನ್ನ ಹತ್ರ ಬಂದಿದ್ದೀರಲ್ಲ! ಇದನ್ನೇ ಇಬ್ಬರೂ ಕೂತು ಓದೋಣ' ಅಂದರು. ಮಳೆಯ ಕಾಲಂ ಪಕ್ಕ ಭಯದ ಕಾಲಂ ಎಳೆದೆ. ಅದರ ಪಕ್ಕ 'ಆವತ್ತು ಏನಾಯ್ತು' ಅಂತ ಇನ್ನೊಂದು ಎಳೆಸಿದರು.

ಜಾಸ್ತಿ ಮಳೆ ಅಂದರೆ ಜಾಸ್ತಿ ಭಯ, ಇದರಲ್ಲಿ ಓದುವುದೇನು ಬಂತು ಅಂತ ನನ್ನ ಲೆಕ್ಕ. ಮೂರು ವಾರದ ಮೇಲೆ ಪುಟ ನೋಡಿದರೆ ಹಾಗಿಲ್ಲ. 5 ಇಂಚು 20 ಸೆಂಟು ಬಿದ್ದ ದಿನ ಭಯ 4. ಬರೀ 60 ಸೆಂಟು ಬಿದ್ದ ರಾತ್ರಿ 9. ಮೇಡಂ ಏನೂ ಹೇಳಲಿಲ್ಲ. ಮೂರನೇ ಕಾಲಂ ಓದಿ ಅಂದರು. ಓದಿದೆ. 9 ಇದ್ದ ಕಡೆ ಕರೆಂಟ್ ಇರಲಿಲ್ಲ. ಆದರೆ 4 ಇದ್ದ ಕಡೆಯೂ ಎಷ್ಟೋ ಸಲ ಇರಲಿಲ್ಲ. ವಾಟ್ಸಾಪ್‌ನಲ್ಲಿ ಹಳೇ ವಿಡಿಯೋ ಬಂದಿತ್ತು ಅಂತ ಎರಡು ಕಡೆ ಇತ್ತು. ಇನ್ನು ಮೂರು ಕಡೆ ನನ್ನದೇ ಅಕ್ಷರದಲ್ಲಿ ಒಂದೇ ಸಾಲು: 'ಈ ಸಲ ಏನೂ ಆಗಲ್ಲ ಅಲ್ವಾ ಅಂತ ಅವ್ವ ಕೇಳಿದಳು.'

ಓದುತ್ತಾ ಓದುತ್ತಾ ನನ್ನ ಗಂಟಲು ಕಟ್ಟಿತು.

'ಈ ಪ್ರಶ್ನೆ ಇದಕ್ಕೂ ಮೊದಲು ಯಾರಾದ್ರೂ ಕೇಳಿದ್ರಾ?' ಅಂದರು ಮೇಡಂ.

ಕೇಳಿದ್ದರು. 2018ರ ಆಗಸ್ಟ್ 16ರ ಸಂಜೆ ನಾಲ್ಕು ಗಂಟೆಗೆ ಕೆಳಗಿನ ಮನೆ ಅಣ್ಣ ಕೊಡೆ ಹಿಡಿದು ನಮ್ಮ ಅಂಗಳಕ್ಕೆ ಬಂದಿದ್ದ. 'ತಮ್ಮಾ, ಮಕ್ಕಳನ್ನು ಕರ್ಕೊಂಡು ಪೇಟೆಗೆ ಹೋಗಿಬಿಡ್ಲಾ? ಈ ಸಲ ಏನೂ ಆಗಲ್ಲ ಅಲ್ವಾ?' ನಾನು ಮಳೆ ಪುಸ್ತಕ ತಂದು ತೋರಿಸಿದ್ದೆ. ಅಪ್ಪನ ಕಾಲದಲ್ಲಿ ಒಂದೇ ದಿನ 9 ಇಂಚು ಬಿದ್ದಿದ್ದರೂ ಈ ಗುಡ್ಡಕ್ಕೆ ಏನೂ ಆಗಿಲ್ಲ, ಸುಮ್ನೆ ಹೆದರಬೇಡ ಅಂದಿದ್ದೆ. ಅವನು ನಂಬಿ ವಾಪಸ್ ಹೋದ. ರಾತ್ರಿ ಮೂರು ಗಂಟೆಗೆ ಸದ್ದು ಕೇಳಿ ಮಕ್ಕಳನ್ನು ಎಳೆದುಕೊಂಡು ಹೊರಗೆ ಓಡಿದ್ದಕ್ಕೆ ಜೀವ ಉಳಿಯಿತು. ಮನೆ, ಕೊಟ್ಟಿಗೆ, ಎರಡು ಹಸು ಹೋದವು. ಈಗ ಜಂಬೂರಿನಲ್ಲಿ ಸಂತ್ರಸ್ತರಿಗೆ ಕಟ್ಟಿಕೊಟ್ಟ ಮನೆಯಲ್ಲಿದ್ದಾನೆ. ನಮ್ಮಲ್ಲಿಂದ ಎಷ್ಟು ದೂರ? ಜೀಪಿನಲ್ಲಿ ಒಂದು ಬೀಡಿ ಸೇದಿ ಮುಗಿಸುವಷ್ಟು. ಆರು ವರ್ಷದಲ್ಲಿ ನಾನು ಒಂದು ಸಲವೂ ಆ ಕಡೆ ಹೋಗಿರಲಿಲ್ಲ. ಪುಸ್ತಕದಲ್ಲಿ ಆಗಸ್ಟ್ 15ರ ಸಾಲಿದೆ, 7 ಇಂಚು 10 ಸೆಂಟು. 16ರ ಸಾಲು ಖಾಲಿ. ತಾರೀಕು ಬರೆದು ಬಿಟ್ಟಿದ್ದೇನೆ.

ಹೆದರಿಕೆ ಮಳೆಯದ್ದಲ್ಲ ಅಂತ ಮೇಡಂ ಹೇಳಲಿಲ್ಲ. ನಾನೇ ಹೇಳಿದೆ. ಹೇಳಿ ಜೀಪಿನೊಳಗೆ ಅತ್ತೆ. ಅವರು ಸುಮ್ಮನೆ ಕಾದರು. ಆವತ್ತು ಲೈನ್ ಕಡಿಯಲಿಲ್ಲ, ಅದೊಂದು ಪುಣ್ಯ.

ಇದೆಲ್ಲ ಎಲ್ಲಿಂದ ಕಲಿತಿರಿ ಅಂತ ಆಮೇಲೊಮ್ಮೆ ಕೇಳಿದೆ. ಎಡ್ವರ್ಡ್ ಬಾರ್ಡಿನ್ ಅನ್ನುವ ಮನೋವಿಜ್ಞಾನಿ 1979ರಲ್ಲಿ ಬರೆದ ಮಾತು ಹೇಳಿದರು. ಸಲಹೆ ಕೊಡುವವರು, ಪಡೆಯುವವರು ಮೂರು ವಿಷಯದಲ್ಲಿ ಜೊತೆಗಿರಬೇಕಂತೆ: ಎಲ್ಲಿಗೆ ಹೋಗಬೇಕು, ಅದಕ್ಕೆ ಏನು ಮಾಡಬೇಕು, ಮತ್ತೆ ಇಬ್ಬರ ನಡುವೆ ನಂಬಿಕೆ. ಏರನ್ ಬೆಕ್ ಅನ್ನುವ ಮನೋವೈದ್ಯರು ಇಬ್ಬರೂ ಸೇರಿ ಪುರಾವೆ ನೋಡಿ ತೀರ್ಮಾನಿಸಬೇಕು ಅಂದಿದ್ದರಂತೆ. ಅಂದರೆ ನಮ್ಮ ಮಳೆ ಪುಸ್ತಕ ಓದಿದ ಹಾಗೆ. ನನಗೆ ಹೆಸರುಗಳಿಗಿಂತ ಹೆಚ್ಚು ನೆನಪಿರುವುದು ಪ್ರತಿ ಕರೆಯ ಕೊನೆಯ ಎರಡು ನಿಮಿಷ. 'ಇವತ್ತು ನಾನು ಹೇಳಿದ್ದರಲ್ಲಿ ಯಾವುದು ಉಪಯೋಗಕ್ಕೆ ಬರಲಿಲ್ಲ?' ಅಂತ ಕೇಳುತ್ತಿದ್ದರು. ಯಾವುದು ಬಂತು ಅಂತಲ್ಲ, ಯಾವುದು ಬರಲಿಲ್ಲ ಅಂತ. ಮೊದಮೊದಲು ಎಲ್ಲ ಚೆನ್ನಾಗಿತ್ತು ಮೇಡಂ ಅನ್ನುತ್ತಿದ್ದೆ. ಆಮೇಲೆ ನಿಜ ಹೇಳಲು ಕಲಿತೆ.

ಸುಧಾರಿಸುತ್ತಿದೆ ಅಂದುಕೊಳ್ಳುವಾಗ ಜುಲೈ 30 ಬಂತು. ಪಕ್ಕದ ವಯನಾಡಿನಲ್ಲಿ ಮುಂಡಕೈ, ಚೂರಲ್‌ಮಲ ಬೆಳಗಾಗುವುದರೊಳಗೆ ಮಣ್ಣಾಗಿ ಹೋದವು. ದಿನವಿಡೀ ಟಿವಿ. ನಾನು ಮೂರು ರಾತ್ರಿ ಮಲಗಲಿಲ್ಲ. ಪಟ್ಟಿ, ಮೆಣಸು, ಏನೂ ನಡೆಯಲಿಲ್ಲ. ಮತ್ತೆ ನಾಲ್ಕು ಪೆಗ್, ಅದೂ ಮಾತ್ರೆ ಇರುವಾಗ. ಗುರುವಾರ ಮೇಡಂ ಹತ್ತಿರ, 'ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ' ಅಂದೆ. ಇಡೀ ಕೊಡಗು ಈ ವಾರ ಮಲಗಿಲ್ಲ, ನೀವು ಮಲಗಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು ಅಂದರು. ಕುಡಿದದ್ದನ್ನು ಮಾತ್ರ ಸಲೀಸಾಗಿ ಬಿಡಲಿಲ್ಲ. ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ ಅಂದರು, ಮಾಡಿದೆನಾ ಅಂತ ಸಂಜೆ ಮೆಸೇಜ್ ಹಾಕಿ ಕೇಳಿದರು. ಟಿವಿಗೆ ದಿನಕ್ಕೆ ಅರ್ಧ ಗಂಟೆ ಅಂತ ಗೆರೆ ಎಳೆದೆವು. ಎರಡು ದಿನ ಬಿಟ್ಟು ಆಟಿ ಹದಿನೆಂಟು, ಆಟಿ ತಿಂಗಳಲ್ಲಿ ನಾವು ಮದ್ದುಸೊಪ್ಪು ತಿನ್ನುವ ದಿನ. ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ಅದನ್ನು ತಿಂದ ಮಧ್ಯಾಹ್ನ ಮೂರು ಗಂಟೆ ಹೊತ್ತು ಸತ್ತ ಹಾಗೆ ಮಲಗಿದೆ.

ಆಗಸ್ಟ್ 8ರ ಕರೆ ನಾನು ಮರೆಯುವುದಿಲ್ಲ. ಮಳೆಯ ಸದ್ದಿನ ಜೊತೆ ಕೂರುವ ಅಭ್ಯಾಸ ಮಾಡೋಣವಾ ಅಂತ ಮೇಡಂ ಮೊದಲೇ ಕೇಳಿದ್ದರು. ಬೇಡ ಅನ್ನುವ ಹಕ್ಕು ನಿಮಗಿದೆ ಅಂತಲೂ ಹೇಳಿದ್ದರು. ಜಾಗ ನಾನೇ ಆರಿಸಿದೆ. ಕಾಫಿ ಗೋಡೌನ್, ತಗಡಿನ ಛಾವಣಿ. ಎಲ್ಲಕ್ಕಿಂತ ಜಾಸ್ತಿ ಸದ್ದು ಅಲ್ಲೇ. ಖಾಲಿ ಚೀಲಗಳ ಮೇಲೆ ಕೂತು ಫೋನನ್ನು ತಕ್ಕಡಿಗೆ ಒರಗಿಸಿ ಇಟ್ಟೆ. ಮಳೆ ಶುರುವಾಯಿತು. ಮೇಡಂ ಮಾತು ಒಂದಕ್ಷರ ಕೇಳಿಸುತ್ತಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿದೆ. ಆಮೇಲೆ ಅವರು ಬರೆಯಲು ಶುರು ಮಾಡಿದರು. 'ಈಗ ಎಷ್ಟು?' 9. 'ಈಗ?' 9. 'ಕಾಲ ಕೆಳಗೆ ಏನಿದೆ?' ಚೀಲ. 'ಏನು ವಾಸನೆ?' ಚೆರಿ ಕಾಫಿ, ಇಲಿ. 'ಈಗ?' 8. 'ಎದ್ದು ಹೋಗಬೇಕಾ?' ಇನ್ನೂ ಬೇಡ. 'ಈಗ?' 6. ಅರ್ಧ ಗಂಟೆ ಹೀಗೇ ಹೋಯಿತು. ಮಳೆ ಕಡಿಮೆಯಾಗಿರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಮಳೆ ಅಷ್ಟೇ ಇತ್ತು, ಅಂಕ 5ಕ್ಕೆ ಬಂದಿತ್ತು. ಇಂಥದ್ದನ್ನು ಯಾವ ಕ್ಲಿನಿಕ್ಕಿನಲ್ಲಿ ಮಾಡಲಾಗುತ್ತದೆ ಹೇಳಿ.

ಆನ್‌ಲೈನ್ ಅಂದರೆ ಎಲ್ಲ ಚೆಂದ ಅಂತ ಅಲ್ಲ. ಎರಡು ಕರೆ ಪೂರ್ತಿ ಹಾಳಾದವು. ಒಂದು ಸಲ ನಾನು ಅಣ್ಣನ ಹಸುಗಳ ಬಗ್ಗೆ ಹೇಳುವಾಗ ಮೇಡಂ ಮುಖ ನಗುತ್ತಾ ನಿಂತುಬಿಟ್ಟಿತು. ನೆಟ್‌ವರ್ಕ್ ಅಂತ ಗೊತ್ತಿದ್ದರೂ ಮನಸ್ಸಿಗೆ ಚುಚ್ಚಿತು. ನನ್ನ ಕೈ ನಡುಗುವುದು ಅವರಿಗೆ ಕಾಣುತ್ತಿರಲಿಲ್ಲ, ನಾನೇ ಹೇಳಬೇಕಿತ್ತು. ಜೀವಕ್ಕೆ ಅಪಾಯ ಇರುವ ಹೊತ್ತಿನಲ್ಲಿ ಮುಂದಿನ ಗುರುವಾರಕ್ಕೆ ಕಾಯುವ ಹಾಗಿಲ್ಲ. ಆಗ ಹತ್ತಿರದ ಆಸ್ಪತ್ರೆ, ಇಲ್ಲವೇ 14416. ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಿಂದ ಇದೆ. ಇಪ್ಪತ್ನಾಲ್ಕು ಗಂಟೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನೂ ಮೇಡಂ ಮೊದಲ ದಿನವೇ ಬರೆಸಿದ್ದರು.

ಆಗಸ್ಟ್ 15 ಗುರುವಾರವೇ ಬಂತು. ರಜೆಯಾದರೂ ಕರೆ ಇಟ್ಟುಕೊಂಡೆವು. 16ರ ಖಾಲಿ ಸಾಲಿಗೆ ಏನು ಮಾಡಬೇಕು ಅಂತ ನಾನು ಕೇಳಿದೆ. 'ನೀವೇನು ಬರೀತೀರಿ?' ಅಂದರು. ಆರು ವರ್ಷದ ಹಿಂದಿನ ಮಳೆಯನ್ನು ಈಗ ಅಂದಾಜಿನಲ್ಲಿ ಬರೆದರೆ ಅಪ್ಪ ಒಪ್ಪುತ್ತಿರಲಿಲ್ಲ. ಮಾರನೇ ಬೆಳಿಗ್ಗೆ ಆ ಹಳೇ ಪುಟ ತೆಗೆದು ತಾರೀಕಿನ ಮುಂದೆ 'ಅಳೆಯಲಿಲ್ಲ' ಅಂತ ಬರೆದೆ.

ಜಂಬೂರಿಗೆ ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಹೋಗಿ ಅಂತ ಮೇಡಂ ಹೇಳಿರಲಿಲ್ಲ. ಹೋದರೆ ಏನು ಹೇಳುತ್ತೀರಿ ಅಂತ ಒಂದು ವಾರ ಮಾತಾಡಿದ್ದೆವು, ಅಷ್ಟೇ. ಬಾಳೆಗೊನೆ ತೆಗೆದುಕೊಂಡು ಹೋದೆ. ಅಣ್ಣ ಜಗುಲಿಯಲ್ಲಿ ಕೂತಿದ್ದ. ಕಾಫಿ ಬಂತು. ಮೆಣಸಿನ ರೇಟು, ಕಾಫಿ ರೇಟು, ಆನೆ ಕಾಟ ಎಲ್ಲ ಆದ ಮೇಲೆ ನಾನು ಆ ಸಂಜೆಯ ಮಾತು ತೆಗೆದೆ. 'ನೆನಪಿದೆ ತಮ್ಮಾ' ಅಂದ. 'ನೀನು ಹೋಗು ಅಂದಿದ್ರೂ ನಾನು ಹಸು ಬಿಟ್ಟು ಹೋಗ್ತಿರ್ಲಿಲ್ಲ. ಏನೂ ಆಗಲ್ಲ ಅಂತ ಹೇಳಿಸಿಕೊಳ್ಳೋಕೇ ಬಂದಿದ್ದೆ ಅನ್ಸುತ್ತೆ.' ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದನೋ, ಈಗಲೂ ತಿಳಿಯದು. ಸ್ವಲ್ಪ ಹೊತ್ತು ಬಿಟ್ಟು, 'ಇಲ್ಲಿ ಹಸು ಕಟ್ಟೋಕೆ ಜಾಗ ಇಲ್ಲ, ಅದೊಂದೇ ಬೇಜಾರು' ಅಂದ.

ಸೆಪ್ಟೆಂಬರ್‌ನಿಂದ ಕರೆ ಹದಿನೈದು ದಿನಕ್ಕೊಂದು ಆಯಿತು. ಅಕ್ಟೋಬರ್‌ನಲ್ಲಿ ಮತ್ತೆ ಆ ಹಾಳೆಗಳನ್ನು ತುಂಬಿಸಿದಾಗ 12 ಇದ್ದದ್ದು 5, 17 ಇದ್ದದ್ದು 8. ಮಳೆ ಕಡಿಮೆಯಾದ ತಿಂಗಳಲ್ಲಿ ಅಂಕ ಇಳಿದರೆ ಏನು ದೊಡ್ಡಸ್ತಿಕೆ ಅಂತ ನಾನು ಕೇಳಿದೆ. ಸರಿಯಾದ ಪ್ರಶ್ನೆ, ಮುಂದಿನ ಜೂನ್‌ನಲ್ಲಿ ಇನ್ನೊಮ್ಮೆ ತುಂಬಿಸೋಣ ಅಂದರು. ಮೇ 20ಕ್ಕೆ ಒಂದು ಕರೆ ಈಗಲೇ ಗೊತ್ತು ಮಾಡಿ ಇಟ್ಟೆವು.

ಆವತ್ತು ಜೀಪಿನಿಂದ ಇಳಿದು ಬರುವಾಗ ಅವ್ವ ಜಗುಲಿಯಲ್ಲಿ ಕೂತಿದ್ದಳು.

'ಮುಗೀತಾ ಕಾಫಿ ಬೋರ್ಡು?' ಅಂದಳು.

ನಾನು ಸುಮ್ಮನೆ ನಿಂತೆ.

'ನಾಕು ತಿಂಗಳಿಂದ ಜೀಪಲ್ಲಿ ಕೂತು ಅಳೋ ಅಂಥದ್ದು ಕಾಫಿ ಬೋರ್ಡಲ್ಲಿ ಏನಿರುತ್ತೆ ಮಗಾ? ಇರ್ಲಿ. ಆ ಮೇಡಮ್ಮನ ಹತ್ರ ನಂದೂ ಒಂದು ಕೇಳು. ಆ ವರ್ಷದಿಂದ ನಂಗೂ ಮಳೆಗಾಲದಲ್ಲಿ ನಿದ್ದೆ ಇಲ್ಲ. ಕೂತೇ ಇರ್ತೀನಿ.'

ಆರು ವರ್ಷ ಒಂದೇ ಗೋಡೆಯ ಆ ಕಡೆ ಅವಳು, ಈ ಕಡೆ ನಾನು, ಇಬ್ಬರೂ ಎದ್ದೇ ಇದ್ದೆವು. ಈ ಸಲ ಏನೂ ಆಗಲ್ಲ ಅಲ್ವಾ ಅಂತ ಅವಳು ಯಾಕೆ ಕೇಳುತ್ತಿದ್ದಳು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಮೇಡಂಗೆ ಮೆಸೇಜ್ ಹಾಕಿದೆ. ಮಗನ ಮೂಲಕ ಅಮ್ಮನಿಗೆ ಹೇಳಲು ಆಗುವುದಿಲ್ಲ, ಅವರು ತಾವೇ ಮಾತಾಡಬೇಕು, ನನಗಿಂತ ಬೇರೆಯವರಾದರೆ ಒಳ್ಳೆಯದು, ಸದ್ಯಕ್ಕೆ 14416ಕ್ಕೆ ಮಾಡಿಕೊಡಿ ಅಂತ ಉತ್ತರ ಬಂತು. ಮಾರನೇ ದಿನ ಮಧ್ಯಾಹ್ನ ಊಟ ಆದ ಮೇಲೆ ನಂಬರ್ ಒತ್ತಿ, ಕನ್ನಡ ಆರಿಸಿ, ಫೋನನ್ನು ಅವ್ವನ ಕೈಗೆ ಕೊಟ್ಟೆ. ಹೇಗೆ ಹಿಡಿಯಬೇಕು ಅಂತ ತೋರಿಸಲು ಪಕ್ಕದಲ್ಲಿ ಕೂರಲು ಹೋದೆ.

'ನೀನು ಯಾಕೆ ಇಲ್ಲಿ?' ಅಂದಳು. 'ಬಾಗಿಲು ಹಾಕ್ಕೊಂಡು ಹೋಗು. ಜೀಪಲ್ಲಿ ಕೂತ್ಕೋ.'

ಹೋಗಿ ಕೂತೆ.